ಮೊಬೈಲಿನೊಳಗೆ ಓಡಿದ ನಮ್ಮ ಹೋರಿ

ಮೊಬೈಲ್ ಗೇಮುಗಳಿಂದ ಮೋಸ ಹೋಗುವುದು ನನಗೆ ಹೊಸದಲ್ಲ. ಜಾಹೀರಾತಿನಲ್ಲಿ ರಾಜನೊಬ್ಬ ನೀರಿನಲ್ಲಿ ಮುಳುಗುತ್ತಿರುತ್ತಾನೆ, ನಾವು ಕೀಲು ಎಳೆದು ಅವನನ್ನು ಬದುಕಿಸಬೇಕು. ಅಯ್ಯೋ ಪಾಪ ಎಂದು ಗೇಮು ಇಳಿಸಿಕೊಂಡರೆ ಒಳಗೆ ರಾಜನೂ ಇಲ್ಲ, ನೀರೂ ಇಲ್ಲ. ಬಣ್ಣಬಣ್ಣದ ಮಿಠಾಯಿಗಳನ್ನು ಜೋಡಿಸಿ ಒಡೆಯುತ್ತ ಕೂಡುವುದಷ್ಟೇ. ಹಾಗೆಂದು ನಾನು ಬಿಟ್ಟವಳಲ್ಲ. ಹಿರೇಕೆರೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸಿಗೆ ಹುಕ್ಕು ಹಚ್ಚುವ ನಡುವೆ ಆಡುತ್ತೇನೆ, ಒಲೆಯ ಮೇಲೆ ಹಾಲಿಟ್ಟು ಆಡುತ್ತೇನೆ, ಹಾಲು ಉಕ್ಕಿದ ಮೇಲೆ ನನ್ನ ಗಂಡನ ಬಾಯಿಂದ ಬರಬೇಕಾದದ್ದೆಲ್ಲ ಬರುತ್ತದೆ. "ಮಗಳ ಲಗ್ನಾ ಮಾಡೂ ವಯಸ್ಸಿನ್ಯಾಗ ಮಿಠಾಯಿ ಒಡ್ಯಾಕತ್ತಾಳ ನೋಡ್ರಿ" ಎಂದು ಅಂಗಡಿಗೆ ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಲಿ. ಯಾರ ಅಪ್ಪಣೆಯೂ ಇಲ್ಲದೆ ನಾನು ಗೆಲ್ಲುವ ಜಾಗ ಅದೊಂದೇ.

ಹೀಗಾಗಿ ನಮ್ಮ ಹೋರಿ ಬೆದರಿಸುವ ಹಬ್ಬ ಮೊಬೈಲ್ ಗೇಮಾಗಿ ಬರುತ್ತದಂತೆ ಎಂಬ ಸುದ್ದಿ ಬಂದಾಗ ನನಗೆ ಮೊದಲು ಹುಟ್ಟಿದ್ದು ಅನುಮಾನ. ದೀಪಾವಳಿ ಮುಗಿಯಿತೆಂದರೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿಗೇ ಹೋಗಿ, ಒಂದಿಲ್ಲೊಂದು ಊರಿನಲ್ಲಿ ಹೋರಿ ಓಡುತ್ತಿರುತ್ತದೆ. ಕೊರಳಿಗೆ ಒಣಕೊಬ್ಬರಿಯ ಸರ, ಕೋಡಿಗೆ ಬಲೂನು, ಕಾಲಿಗೆ ಗೆಜ್ಜೆ. ಎರಡೂ ಬದಿ ಕಿಕ್ಕಿರಿದ ಜನರ ನಡುವೆ ಅದು ಓಡಬೇಕು. ಹುಡುಗರು ಅಡ್ಡ ಬಂದು ಹಿಡಿದು ಕೊಬ್ಬರಿ ಹರಿದುಕೊಂಡರೆ ಗೆಲುವು ಅವರದು. ಯಾರ ಕೈಗೂ ಸಿಗದೆ ಕೊಬ್ಬರಿ ಸಮೇತ ಆ ತುದಿ ಮುಟ್ಟಿದರೆ ಗೆಲುವು ಹೋರಿಯದು. ಇಷ್ಟೇ ಆಟ. ಇಷ್ಟಕ್ಕಾಗಿ ನಮ್ಮ ಕಡೆಯ ಗಂಡಸರು ವರ್ಷವಿಡೀ ತಾವು ಉಣ್ಣದ ಕಾಳು ಕಡಿಯನ್ನು ಹೋರಿಗೆ ತಿನ್ನಿಸುತ್ತಾರೆ.

ನನ್ನ ತವರು ಅಕ್ಕಿಆಲೂರಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ನಮ್ಮಪ್ಪನದೂ ಒಂದು ಹೋರಿ ಇತ್ತು. ಅದರ ಹೆಸರು ಬರೆಯುವುದಿಲ್ಲ. ಆ ಹೆಸರಿನ ಟೀಶರ್ಟು ಹಾಕಿಕೊಂಡು ತಿರುಗುವವರು ಬಂಕಾಪುರದ ತನಕ ಇದ್ದಾರೆ, ಬರೆದರೆ ಊರು ಮನೆ ಎರಡೂ ಗೊತ್ತಾಗುತ್ತವೆ. ಹಾಲಿನಂಥ ಬಿಳುಪು, ಕಣ್ಣ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು, ಎಡಗಡೆಯ ಕೋಡು ತುಸು ಒಳಕ್ಕೆ ಬಾಗಿದ್ದು. ಎಂಥ ಅಖಾಡಕ್ಕೆ ಇಳಿದರೂ ಅದು ಕೈಗೆ ಸಿಗಲಿಲ್ಲ ಎನ್ನುವುದು ಅಭಿಮಾನಿಗಳ ಹೆಮ್ಮೆ. ಅಪ್ಪನ ಹೆಮ್ಮೆ ಬೇರೆ. "ಅಂವ ಒಬ್ಬರಿಗೂ ತಿವದಿಲ್ಲ" ಎನ್ನುತ್ತಿದ್ದ. ಅಪ್ಪನಿಗೆ ಹೋರಿ ಎಂದೂ 'ಅದು' ಆಗಿರಲಿಲ್ಲ, 'ಅಂವ' ಆಗಿತ್ತು.

ಅಪ್ಪ ಬಡಾಯಿ ಕೊಚ್ಚುವವನಲ್ಲ. ನಾನೇ ಕಂಡಿದ್ದೇನೆ. ಹೆಂಗಸರೆಲ್ಲ ಮಾಳಿಗೆ ಹತ್ತಿ ನೋಡುತ್ತಿದ್ದೆವು. ಕುಡಿದವನೊಬ್ಬ ಓಣಿಯ ನಟ್ಟನಡುವೆ ಎಡವಿ ಬಿದ್ದ. ಹೋರಿ ಗಾಳಿಯ ಹಾಗೆ ಬರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಹೋರಿ ಅವನನ್ನು ಹಾರಿ ಆಚೆಗೆ ಹೋಗಿತ್ತು, ಅವನು ಎದ್ದು ಕುಳಿತು ತನ್ನ ಚಪ್ಪಲಿ ಹುಡುಕುತ್ತಿದ್ದ. ಅಷ್ಟು ದೊಡ್ಡ ಮೈ, ಅಷ್ಟು ವೇಗ, ಅದರೊಳಗೆ ಅಷ್ಟು ಎಚ್ಚರ ಎಲ್ಲಿತ್ತು? 

ಗೇಮು ಮಾಡುವ ಇಬ್ಬರು ಹುಡುಗರು ನಗರದಿಂದ ಬಂದದ್ದು ಹೋರಿಗೆ ವಯಸ್ಸಾದ ಮೇಲೆ, ಒಂದು ಬೇಸಿಗೆಯಲ್ಲಿ. ಸಂಭಾವಿತರು. ಹೋರಿಯ ಸುತ್ತ ತಿರುಗಿ ತಿರುಗಿ ಫೋಟೋ ತೆಗೆದರು. ಗೆಜ್ಜೆ ಕಟ್ಟಿಸಿ ಹೊಲದ ದಾರಿಯಲ್ಲಿ ಓಡಿಸಿ ಸಪ್ಪಳ ಹಿಡಿದುಕೊಂಡರು. ಇದನ್ನೇ ನಮ್ಮ ಗೇಮಿನ ಹೋರಿ ಮಾಡುತ್ತೇವೆ ಎಂದರು. ಅಪ್ಪ ಅವರಿಗೆ ರೊಟ್ಟಿ, ಝುಣಕ ಉಣ್ಣಿಸಿ ಕಳಿಸಿದ. ಆ ವರ್ಷವೇ ಹೋರಿ ಸತ್ತಿತು. ನಾಲ್ಕೂ ತಾಲೂಕುಗಳಿಂದ ಜನ ಬಂದಿದ್ದರು. ಅರಿಶಿನ ಹಚ್ಚಿ, ಹೊಸ ಝೂಲಿನ ಬಟ್ಟೆ ಹೊದಿಸಿ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಆಮೇಲೆ ಅಪ್ಪ ಅದರ ಮಾತೇ ಎತ್ತಲಿಲ್ಲ. ನಾನು ಫೋನು ಮಾಡಿದಾಗಲೆಲ್ಲ ಒಂದನ್ನೇ ಕೇಳುತ್ತಿದ್ದ: "ಆ ಗೇಮು ಯಾವಾಗ ಬರತೈತಿ, ತಂಗಿ? ಅಂವ ಇನ್ನೊಮ್ಮಿ ಓಡೂದ ನೋಡಬೇಕಾಗೇತಿ."

ಅಪ್ಪನೊಬ್ಬನೇ ಅಲ್ಲ, ಎಲ್ಲರೂ ಕಾಯುತ್ತಿದ್ದರು. ಕಾದಷ್ಟೂ ಗೇಮು ಬೆಳೆಯಿತು. ಹಾನಗಲ್ಲಿನ ಕ್ಷೌರದಂಗಡಿಯಲ್ಲಿ ಅದರಲ್ಲಿ ಎಲ್ಲ ಊರಿನ ಅಖಾಡವೂ ಇರುತ್ತದೆ ಎಂದರು. ಸವಣೂರಿನ ಬಸ್ಸಿನಲ್ಲಿ ಒಬ್ಬ, ನಿಮ್ಮ ಹೋರಿಯ ಫೋಟೋ ಹಾಕಿದರೆ ನಿಮ್ಮದೇ ಓಡುತ್ತದೆ ಎಂದ. ಶಿಗ್ಗಾಂವಿಯಿಂದ ಬಂದ ನನ್ನ ಗಿರಾಕಿಯೊಬ್ಬಳು, ಮಾಳಿಗೆ ಮೇಲೆ ನಿಂತ ಹೆಂಗಸರನ್ನೂ ಹಾಕಿದ್ದಾರಂತೆ, ಅದರಲ್ಲಿ ನೀವೂ ಇದ್ದೀರಿ ಎಂದು ಆಣೆ ಮಾಡಿದಳು. ಮುಳುಗುವ ರಾಜನಿಂದ ಅಷ್ಟು ಸಲ ಮೋಸ ಹೋದ ನಾನು, ಯಾವ ಬಣ್ಣದ ಸೀರೆಯಲ್ಲಿದ್ದೇನೋ ಎಂದು ಯೋಚನೆ ಮಾಡುತ್ತ ಕುಳಿತೆ.

ಗೇಮು ಬಂದ ದಿನ ಅಂಗಡಿ ಮುಚ್ಚಿ ತವರಿಗೆ ಹೋದೆ. ಪಡಸಾಲೆಯಲ್ಲಿ ಅಪ್ಪ ನಡುವೆ, ಅಣ್ಣ ಆ ಕಡೆ, ನಾನು ಈ ಕಡೆ. ಪರದೆಯಿನ್ನೂ ಕಪ್ಪಾಗಿದ್ದಾಗಲೇ ಸಪ್ಪಳ ಬಂತು. ಗೆಜ್ಜೆ. ನಮ್ಮ ಹೋರಿಯದೇ ಗೆಜ್ಜೆ; ಹಿಂದಿನ ಬಲಗಾಲನ್ನು ತುಸು ತಡೆದು ಇಡುತ್ತಿದ್ದ ಅದರದೇ ನಡಿಗೆ. ಅಪ್ಪ ಹಿಂದಕ್ಕೆ ಹೊರಳಿ ಕೊಟ್ಟಿಗೆಯ ಕಡೆ ನೋಡಿದ. ಫೋನಿನಿಂದ ಬಂದದ್ದು ಎಂದು ಗೊತ್ತಾದ ಮೇಲೂ ಮತ್ತೊಮ್ಮೆ ನೋಡಿದ. 

ಆಮೇಲೆ ಚಿತ್ರ ಬಂತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಖಾಡದ ಹಿಂದೆ ತುದಿಗೆ ಹಿಮ ಬಿದ್ದ ಬೆಟ್ಟ! ಅಕ್ಕಿಆಲೂರಿನ ಭತ್ತದ ಗದ್ದೆಯ ಹಿಂದೆ ಹಿಮ ಯಾವ ಪುಣ್ಯಾತ್ಮ ಕಂಡಿದ್ದನೋ. ಜನರಿಗೆಲ್ಲ ಒಂದೇ ಮುಖ, ಒಂದೇ ಮೀಸೆ, ಒಂದೇ ಹಳದಿ ಅಂಗಿ. ಒಂದೇ ತಾಯಿ ಹಡೆದು ಸಾಲಾಗಿ ನಿಲ್ಲಿಸಿದ ಹಾಗೆ. ಮಾಳಿಗೆಗಳು ಖಾಲಿ. ಆದರೆ ಹೋರಿ ನಮ್ಮದೇ. ಅದೇ ಕಾಡಿಗೆ ಕಣ್ಣು, ಅದೇ ಬಾಗಿದ ಕೋಡು. "ಅಂವನ ನೋಡು, ಅಂವನ" ಎಂದು ಅಪ್ಪ ಮುಂದಕ್ಕೆ ಬಾಗಿದ. ಮೂಲೆಯಲ್ಲಿ ಕೆಂಪು ಗುಂಡಿಯೊಂದು ಮಿಣಮಿಣ ಎನ್ನತೊಡಗಿತು. ಗೇಮಿನಲ್ಲಿ ಮಿನುಗಿದ್ದನ್ನು ಒತ್ತಬೇಕು ಎನ್ನುವುದು ನನ್ನ ಬೆರಳಿಗೆ ಅಂಟಿದ ಚಟ. ಒತ್ತಿದೆ. ನಮ್ಮ ಹೋರಿ ತಲೆ ತಗ್ಗಿಸಿ, ಮುಂದಿದ್ದ ಹಳದಿ ಅಂಗಿಯವನನ್ನು ತಿವಿದು ಮೇಲಕ್ಕೆ ಎಸೆಯಿತು. ನಾಣ್ಯ ಉದುರಿದ ಸಪ್ಪಳವಾಯಿತು, ಅಂಕ ಏರಿತು.

ಅಪ್ಪ ಎದ್ದು ಹಿತ್ತಿಲಿಗೆ ಹೋದ.

ನಾಲ್ಕು ದಿನದಲ್ಲಿ ಊರೂರಲ್ಲಿ ಗೇಮನ್ನು ಬೈಯದವರಿಲ್ಲ. ರೇಟಿಂಗಿನಲ್ಲಿ ಒಂದೊಂದೇ ಚುಕ್ಕೆ ಕೊಟ್ಟು, ಅದರ ಕೆಳಗೆ ಬಾಯಿಗೆ ಬಂದದ್ದು ಬರೆದರು. ಅಷ್ಟಕ್ಕೆ ಬಿಟ್ಟಿದ್ದರೆ ಚಿಂತೆ ಇರಲಿಲ್ಲ. ಚಹಾದಂಗಡಿಯಲ್ಲಿ ಹುಡುಗರು ಅಪ್ಪನ ಮುಂದೆಯೇ ಫೋನು ಹಿಡಿದು, "ಅಜ್ಜಾ, ನಿಮ್ಮ ಹೋರಿ ಬಾಳ ಮಂದಿನ ಕೆಡವಾಕತ್ತೈತಲ್ರಿ" ಎಂದು ಕಿಚಾಯಿಸಿದರಂತೆ. ಅವರದು ಬರೀ ಚೇಷ್ಟೆ. ಅಪ್ಪನಿಗೆ ಮಾತ್ರ ಅದು ಸತ್ತವನ ಮೇಲೆ ಹೊರಿಸಿದ ಅಪವಾದ. ಜೀವಮಾನವೆಲ್ಲ ಬೆಳಿಗ್ಗೆ ಹೋಗಿ ಕೂಡುತ್ತಿದ್ದ ಚಹಾದಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಮುಂದೆ ಹುಟ್ಟುವ ಮಕ್ಕಳಿಗೆ ಅಂವ ಯಾರು ಅನ್ನೋದು ಇನ್ನು ಹೀಗೇ ಗೊತ್ತಾಗುತ್ತದೆ, ತಿವಿಯುವ ಹೋರಿ ಎಂದೇ ಹೆಸರು ಉಳಿಯುತ್ತದೆ ಎಂದು ಅಣ್ಣನ ಹತ್ತಿರ ಅಂದನಂತೆ.

ಅಣ್ಣನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಒಂದು ದಿನ ನನ್ನ ಅಂಗಡಿಗೆ ಬಂದವನು, ಗೇಮು ಮಾಡಿದ ಹುಡುಗರಲ್ಲಿ ಒಬ್ಬನಿಗೆ ಫೋನು ಹಚ್ಚಿ, ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. "ಏನ್ರಿ ಇದು? ನಮ್ಮ ಹೋರಿ ಯಾವಾಗ ಯಾರಿಗೆ ತಿವದೈತಿ, ಹೇಳ್ರಿ!"

ಆ ಹುಡುಗ ನಿಜವಾಗಿಯೂ ಕಕ್ಕಾಬಿಕ್ಕಿಯಾದ. "ಸರ್, ಹೆಸರೇ ಹಾಗಿದೆಯಲ್ವಾ? ಹೋರಿ ಬೆದರಿಸುವ ಹಬ್ಬ. ಹೋರಿ ಜನರನ್ನ ಬೆದರಿಸುತ್ತೆ ಅಂತ ನಾವು ತಿಳ್ಕೊಂಡ್ವಿ. ನಾವು ಬಂದಾಗ ಹಬ್ಬ ಇರ್ಲಿಲ್ಲ, ನೋಡಿರ್ಲಿಲ್ಲ."

 ನಾನು ಆ ಮಾತನ್ನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದೆ. ಹೋರಿ ಬೆದರಿಸುವ ಹಬ್ಬ. ಯಾರು ಯಾರನ್ನು? ಜನ ಹೋರಿಯನ್ನು ಎಂದು ನಮಗೆ ಗೊತ್ತು, ಆದರೆ ಆ ಮಾತಿನಲ್ಲಿ ಅದು ಎಲ್ಲಿದೆ? 'ಹೋರಿಯನ್ನು' ಎಂದು ನಮ್ಮಲ್ಲಿ ಯಾರೂ ಅಂದವರಲ್ಲ. ಆ 'ಅನ್ನು' ಯಾವ ಕಾಲದಲ್ಲಿ ನಮ್ಮ ಬಾಯಿಂದ ಉದುರಿತೋ, ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಹೇಳಿದ ಮಾತಿಗೆ ಇನ್ನೊಂದು ಮುಖ ಇತ್ತೆಂದು ನನಗೆ ಬೆರಗಾಯಿತು. ನಗು ತಡೆಯಲಾಗಲಿಲ್ಲ, ಅಣ್ಣ ನನ್ನನ್ನು ಕೆಕ್ಕರಿಸಿ ನೋಡಿದ.

"ತಪ್ಪಾಯ್ತು ಸರ್, ಆದ್ರೆ ಸರಿ ಮಾಡೋಕೂ ಆಗಲ್ಲ" ಎಂದ ಹುಡುಗ. ಯಾರೂ ಆಡುತ್ತಿಲ್ಲ, ಕಂಪನಿ ಮುಚ್ಚುತ್ತಿದ್ದೇವೆ, ಗೇಮು ಈಗಿದ್ದ ಹಾಗೇ ಉಳಿಯುತ್ತದೆ ಎಂದ. ಅವನ ದನಿ ಕೇಳಿ ಅಣ್ಣನಿಗೂ ಬೈಯುವ ಮನಸ್ಸಾಗಲಿಲ್ಲ. "ಊಟಾ ಮಾಡೀರೇನು?" ಎಂದು ಕೇಳಿ ಇಟ್ಟ.

ಮುಂದೆ ಒಂದು ಹುಣ್ಣಿಮೆಗೆ ತವರಿಗೆ ಹೋದಾಗ, ಹೋಳಿಗೆ ಉಂಡು ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ನಾನು ಪಕ್ಕದಲ್ಲಿ ಮಿಠಾಯಿ ಒಡೆಯುತ್ತಿದ್ದೆ. ಅಪ್ಪ ಬೀದಿಯ ಕಡೆಗೇ ಮುಖ ಮಾಡಿ ಕೇಳಿದ.

"ತಂಗಿ, ಅಂವ ತಾನಾಗೇ ತಿವಿತಾನೋ, ನೀ ತಿವಸ್ತಿಯೋ?"

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ನಾ ಕೆಂಪು ಗುಂಡಿ ಒತ್ತಿದರ ತಿವಿತಾನ, ಅಪ್ಪಾ."

"ಒತ್ತಬ್ಯಾಡ ಮತ್ತ."

ಇಷ್ಟು ವರ್ಷ ಗೇಮು ಆಡಿದವಳಿಗೆ ಈ ಮಾತು ಹೊಳೆದಿರಲಿಲ್ಲ. ಮಿನುಗಿದ್ದನ್ನು ಒತ್ತದೆ ಬಿಡಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಹೋರಿಯ ಗೇಮನ್ನು ತೆರೆದೆ.

ಒತ್ತದಿದ್ದರೂ ಸುಲಭವಿರಲಿಲ್ಲ. ಹಳದಿ ಅಂಗಿಯವರು ಅಡ್ಡ ಬರುತ್ತಾರೆ, ಮೈ ತಗುಲಿದರೂ ಸಾಕು, ಉರುಳುತ್ತಾರೆ, ಅಂಕ ಏರುತ್ತದೆ. ಒಬ್ಬ ಬಿದ್ದರೂ ಅಪ್ಪ "ಮೊದಲಿಂದ" ಎನ್ನುತ್ತಿದ್ದ. ನನ್ನ ಬೆರಳು ಓಡುತ್ತಿತ್ತು, ಕಣ್ಣು ಮಾತ್ರ ಅವನದು. "ಬಲಕ್ಕ. ಇನ್ನಷ್ಟ. ಈಗ ಎಡಕ್ಕ ತಗೋ. ಮಂದಿನ ನೋಡಬ್ಯಾಡ, ಸಂದಿ ನೋಡು. ಅಂವ ಸಂದಿ ನೋಡತಿದ್ದ." ನಾನು ನೋಡುತ್ತಿದ್ದದ್ದು ಎದುರಿಗೆ ನಿಂತವರನ್ನು. ಅಪ್ಪ ನೋಡುತ್ತಿದ್ದದ್ದು ಅವರ ನಡುವಿನ ಬಯಲನ್ನು. ಹಾಗೆ ನೋಡತೊಡಗಿದೊಡನೆ, ಕಿಕ್ಕಿರಿದ ಆ ಅಖಾಡದೊಳಗೆ ಒಂದು ದಾರಿ ತೆರೆಯುತ್ತ ಹೋಯಿತು. ಮೊದಲೂ ಅದು ಅಲ್ಲೇ ಇತ್ತು.

ಬಿಸಿಲು ಕಟ್ಟೆಯಿಂದ ಇಳಿಯುವ ಹೊತ್ತಿಗೆ ಅದು ಆಯಿತು. ಹೋರಿ ಬಿಟ್ಟ ಬಾಣದ ಹಾಗೆ ಹೊರಟಿತು. ನಾಣ್ಯದ ಸಪ್ಪಳವಿಲ್ಲ, ಬಿದ್ದವರ ಕೂಗಿಲ್ಲ, ಗೆಜ್ಜೆಯೊಂದೇ. ಹಿಂದಿನ ಬಲಗಾಲನ್ನು ತುಸು ತಡೆದು ಇಡುವ ಆ ನಡಿಗೆ ಮೊದಲಿಂದ ಕೊನೆತನಕ ಕಡಿಯದೆ ಕೇಳಿತು. ಹಳದಿ ಅಂಗಿಗಳು ಎರಡೂ ಬದಿಗೆ ಸರಿದು ಹೋದವು. ಹಿಮದ ಬೆಟ್ಟ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅಪ್ಪ ಹೇಳುವುದನ್ನು ನಿಲ್ಲಿಸಿದ್ದ. ಯಾವಾಗ ನಿಲ್ಲಿಸಿದನೋ ನನಗೆ ತಿಳಿದಿರಲಿಲ್ಲ. ಇಬ್ಬರೂ ನೋಡುತ್ತಿದ್ದೆವು. ಕೊರಳಿನ ಕೊಬ್ಬರಿ ಸರ ಕುಣಿಯುತ್ತ, ಒಬ್ಬರಿಗೂ ತಾಗದೆ, ಹೋರಿ ಆ ತುದಿ ಮುಟ್ಟಿತು.

ಪರದೆ ಕೆಂಪಾಯಿತು. ದೊಡ್ಡ ಅಕ್ಷರ ಮೂಡಿತು. ಅಪ್ಪನ ಓದುವ ಕನ್ನಡಕ ಒಳಗಿತ್ತು.

"ಏನಂತ ಬರದೈತಿ?"

ಒಂದೂ ಅಂಕ ಬಾರದ್ದಕ್ಕೆ ಗೇಮು ಬರೆದದ್ದು 'ನೀವು ಸೋತಿದ್ದೀರಿ' ಎಂದು. ಅದನ್ನು ಬಿಟ್ಟು ಕೆಳಗಿನ ಸಾಲನ್ನು ಓದಿದೆ. "ಕೆಡವಿದವರು, ಸೊನ್ನಿ."

"ಇನ್ನೊಮ್ಮಿ ಓದು."

"ಕೆಡವಿದವರು, ಸೊನ್ನಿ, ಅಪ್ಪಾ."

ಅಪ್ಪ ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಖರೇ ಬರದಾರ" ಎಂದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ನನ್ನ ಮುಂದೆ ಕೈ ಚಾಚಿದ. "ಫೋನ್ ಕೊಡಿಲ್ಲೆ. ಆ ಸೊನ್ನಿ ಅಳಿಸಬ್ಯಾಡ. ಚಹಾದಂಗಡಿಗೆ ಹೋಗಿ ಬರ್ತೇನಿ."