ಮಗಳು ಬೆಳ್ಳಗಾದ ವರ್ಷ

ಕಳೆದ ವರ್ಷ ಕುಣಿಗಲ್‌ನಲ್ಲಿ ನನ್ನ ಅಕ್ಕನ ಹೊಸ ಮನೆಯ ಗೃಹಪ್ರವೇಶ. ನಾವು ಗುಬ್ಬಿಯವರು, ನಾನು ಟೈಲರ್. ಮಗಳು ಭವ್ಯ ಆಗಷ್ಟೇ ತುಮಕೂರಿನಲ್ಲಿ ಪಿಯುಸಿ ಸೇರಿದ್ದಳು.

ಬಾಗಿಲಲ್ಲೇ ಅಕ್ಕ ಅವಳ ಗಲ್ಲ ಹಿಡಿದು, "ಏನೇ ಇಷ್ಟು ಬೆಳ್ಳಗಾಗಿದೀಯ, ಯಾವ ಕ್ರೀಮ್ ಹಚ್ತೀಯೇ?" ಎಂದಳು.

"ಬಿಸ್ಲಿಗೆ ಬಿಡಲ್ಲ ಅತ್ತಿಗೆ," ಎಂದು ನನ್ನ ಹೆಂಡತಿ ಬೀಗಿದಳು. ಬಂದವರೆಲ್ಲ ಅದನ್ನೇ ಹೇಳಿದರು. ನನಗೂ ಕೇಳಲು ಹಿತವಾಗಿಯೇ ಇತ್ತು.

ಊಟ ಟೆರೇಸಿನ ಮೇಲೆ. ನೀರಿನ ಜಗ್ಗು ಹಿಡಿದು ಹತ್ತುತ್ತಿದ್ದ ಭವ್ಯ ಮೆಟ್ಟಿಲ ಮೇಲೇ ಕುಸಿದು ಬಿದ್ದಳು. ಎಲ್ಲರೂ ಸೇರಿದರು.

"ದೃಷ್ಟಿ ಕಣೋ, ಉಪ್ಪು ಮೆಣಸಿನಕಾಯಿ ತಗೊಂಡ್ ಬನ್ನಿ," ಎಂದಳು ಅಕ್ಕ.

"ಆಟೋ ಕರೀರಿ," ಅಂದೆ.

"ಏನ್ಲಾ ನೀನು, ಶುಭಕಾರ್ಯದ ಮನೇಲಿ ಆಸ್ಪತ್ರೆ ಅಂತೀಯ. ಊಟ ಮುಗಿಸ್ಕೊಂಡು ಹೋಗು."

ನಾನು ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆದೆ.

ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. "ನೋಡ್ರೀ, ಒಳಗೆ ಕೆಂಪೇ ಇಲ್ಲ. ಇವಳು ಬೆಳ್ಳಗಾಗಿಲ್ಲ, ಮೈಯಲ್ಲಿ ರಕ್ತ ಇಲ್ಲ. ಇನ್ನೂ ಇಳಿದ್ರೆ ರಕ್ತಾನೇ ಹಾಕ್ಬೇಕಾಗುತ್ತೆ." ಆಮೇಲೆ ಮಗಳನ್ನು ಕೇಳಿದರು, "ಕಾಲೇಜಲ್ಲಿ ಕಬ್ಬಿಣದ ಮಾತ್ರೆ ಕೊಡಲ್ವಾ?"

"ಕೊಡ್ತಾರೆ ಮೇಡಂ. ನಾವೆಲ್ಲ ಕಿಟಕಿಯಿಂದ ಎಸೀತೀವಿ. ಖಾಲಿ ಹೊಟ್ಟೇಲಿ ನುಂಗಿದ್ರೆ ವಾಂತಿ ಬರುತ್ತೆ."

"ಖಾಲಿ ಹೊಟ್ಟೆ ಯಾಕೆ?" ಅಂದೆ.

"ಬೆಳಗ್ಗೆ ಬಸ್ಸಿಗೆ ಓಡೋವಾಗ ಯಾರ್ ತಿಂತಾರಪ್ಪ?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮಾತ್ರೆ ಇದೆ, ಮನೆಯಲ್ಲಿ ರಾಗಿ ಇದೆ, ಸೊಪ್ಪು ಇದೆ, ಕಾಳು ಇದೆ. ಹುಡುಗಿಯ ಮೈಯಲ್ಲಿ ಮಾತ್ರ ರಕ್ತ ಇಲ್ಲ.

ಮನೆಗೆ ಬಂದ ಮೇಲಾದರೂ ಹೆಂಡತಿ, ಅಕ್ಕ ಸುಮ್ಮನಿದ್ದರೇ? ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಟೀ ಜೊತೆ ಕೊಡಬೇಡಿ ಎಂದು ಹೇಳಿದ್ದರೂ ಹೆಂಡತಿ ಟೀ ಲೋಟ ಹಿಡಿದೇ ಬಂದಳು. ಅಷ್ಟರಲ್ಲಿ ಅಕ್ಕನ ಫೋನು, ಆ ಮಾತ್ರೆ ತಿಂದರೆ ಹುಡುಗಿ ಕಪ್ಪಾಗುತ್ತಾಳೆ ಅಂತ. ಮಾರನೇ ದಿನ ಮಾತ್ರೆ ದೇವರ ಗೂಡಿನ ಹಿಂದೆ ಸಿಕ್ಕಿತು.

"ಯಾರೇ ಇಟ್ಟಿದ್ದು ಇದನ್ನ?" ಅಂದೆ.

"ಹೆಣ್ ಮಗು ಕಣ್ರೀ, ನಾಳೆ ನೋಡೋಕ್ ಬರೋರು ಬಣ್ಣ ಕೇಳಲ್ವಾ?" ಎಂದಳು ಹೆಂಡತಿ.

"ಬದುಕಿದ್ರೆ ತಾನೇ ನೋಡೋಕ್ ಬರೋದು?"

ಅವಳು ಅತ್ತಳು. ಅಂದಿನಿಂದ ರಾತ್ರಿ ಊಟವಾದ ಮೇಲೆ ನಾನೇ ಎದುರು ಕೂತು ನುಂಗಿಸಿದೆ. "ನಾನೇನ್ ಪಾಪುನಾ?" ಎಂದು ಬೈದುಕೊಂಡೇ ಭವ್ಯ ಬಾಯಿ ತೆರೆದು ತೋರಿಸುತ್ತಿದ್ದಳು. ಈಗ ಬಸ್ಸಿಗೆ ಓಡಿದರೂ ಅವಳಿಗೆ ಏದುಸಿರು ಬರುವುದಿಲ್ಲ.

ಅಕ್ಕನ ಮಗಳು ಸಿಂಧುಗೂ ಅದೇ ಸಪ್ಪೆ ಬಣ್ಣ, ಅದೇ ಸುಸ್ತು. "ಅವಳ ರಕ್ತ ಟೆಸ್ಟ್ ಮಾಡ್ಸಕ್ಕ," ಎಂದರೆ, "ಮದ್ವೆ ಆದ್ಮೇಲೆ ಎಸ್ಸೆಲ್ಸಿ ಕಟ್ಟಿ ಪಾಸಾದವ್ನು, ನಂಗೆ ಡಾಕ್ಟ್ರು ಪಾಠ ಹೇಳ್ತೀಯೇನ್ಲಾ? ಅವಳ ಕ್ಲಾಸಿನ ಪರೀಕ್ಷೆ ಮುಗೀಲಿ ಬುಡು," ಎನ್ನುತ್ತಾಳೆ. ಆ ಪರೀಕ್ಷೆ ಮುಗಿದು ಇನ್ನೊಂದು ಬಂತು. ಈಗ ಯಾರಾದರೂ ಒಬ್ಬ ಹುಡುಗಿಯನ್ನು ಎಷ್ಟು ಬೆಳ್ಳಗಿದ್ದಾಳೆ ಎಂದು ಹೊಗಳಿದರೆ ನನ್ನ ಕಣ್ಣು ಮೊದಲು ಅವಳ ಕೆಳರೆಪ್ಪೆಗೆ ಹೋಗುತ್ತದೆ.