ಹಾವಗೆಪ್ಪ ಕೂಡಿಸಿದ ಕಾಲು

ಭಾಲ್ಕಿಯಲ್ಲಿ ಕೈಕಾಲು ಮುರಿದುಕೊಂಡವರೆಲ್ಲ ಹಾವಗೆಪ್ಪನ ಬಾಗಿಲಿಗೇ ಬರುತ್ತಿದ್ದರು. ಎಲುಬು ಕಟ್ಟುವ ಇನ್ನೊಬ್ಬ ಔರಾದದವರೆಗೂ ಇರಲಿಲ್ಲ. ಅದನ್ನು ಅವನು ತನ್ನ ಕೈಗುಣವೆಂದೇ ತಿಳಿದಿದ್ದ. ಅವನ ಕಿಟಕಿಯಲ್ಲಿ ಒಂದು ಎಕ್ಸ್‌ರೇ ಫಿಲ್ಮು ತೂಗುತ್ತಿತ್ತು. ಇವನು ಕಟ್ಟಿದ ಮೇಲೂ ಕಾಲುನೋವು ಹೋಗದ ಕಾರಣ ಖಟಕ ಚಿಂಚೋಳಿಯ ಮಡೆಪ್ಪ ರೈಲು ಹತ್ತಿ ಹೈದರಾಬಾದಿಗೆ ಹೋಗಿ ತೆಗೆಸಿಕೊಂಡು ಬಂದದ್ದು ಅದು. ಜಗಳಕ್ಕೆಂದು ತಂದ ಫಿಲ್ಮನ್ನು ಹಾವಗೆಪ್ಪ ನಯವಾಗಿ ಇಸಿದುಕೊಂಡು ಬಿರುದಿನಂತೆ ನೇತುಹಾಕಿದ.

"ನೋಡ್ರಿ, ಹ್ಯಾಂಗ ಕೂಡೇದ!" ಎನ್ನುತ್ತಿದ್ದ. ಜನ್ಮದಲ್ಲಿ ಎಕ್ಸ್‌ರೇ ಕಾಣದ ಊರು ತಲೆಯಾಡಿಸುತ್ತಿತ್ತು. ಎಲುಬಿನ ತುಂಡುಗಳು ಒಂದರ ಮೇಲೊಂದು ಏರಿ ಕೂತದ್ದು ಊರಲ್ಲಿ ಹಾವಗೆಪ್ಪನೊಬ್ಬನಿಗೇ ಗೊತ್ತಿತ್ತು.

ಹೈದರಾಬಾದ್ ಸಂಸ್ಥಾನ ಮುಳುಗಿದ ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ಮಡೆಪ್ಪ ಕಾಣೆಯಾದ. ಎರಡು ವರ್ಷ ಕಳೆದು ಸಾಯಗಾಂವದ ಹಾಳುಬಾವಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಸರಕಾರ ಬದಲಾಗಿತ್ತು, ಪೊಲೀಸ್ ಠಾಣೆಯ ಅಮೀನ ಸಾಹೇಬರ ಟೋಪಿ ಬದಲಾಗಿತ್ತು. ಕೆಲಸದ ಚುರುಕು ಮಾತ್ರ ಹಳೆಯದೇ. ಗುರುತು ಹತ್ತದಿದ್ದರೆ ವಾರಸುದಾರರಿಲ್ಲದ ಹೆಣವೆಂದು ಎಲ್ಲಾದರೂ ಮುಚ್ಚಿಬಿಡುತ್ತೇವೆ ಎಂದರು.

ಮಡೆಪ್ಪನ ಹೆಂಡತಿ ಸಖುಬಾಯಿ ಓಡಿಬಂದಳು. "ಆ ಫಿಲ್ಮ ಕೊಡ್ರಿ ಕಾಕಾ. ಬೀದರಿನ ಡಾಕ್ಟರು ಬಾವ್ಯಾಗಿನ ಎಲುಬಿಗೆ ಹೋಲಿಸಿ ನೋಡ್ತಾರಂತ. ಅವರೇ ಹೌದಂದ್ರ ನಮ್ಮ ಹೊಲದಾಗ ಮಣ್ಣ ಮಾಡ್ತೇನಿ. ಎರಡ ವರ್ಷ ಆತು, ಕುಂಕುಮ ಹಚ್ಕೊಳ್ಲಾಕೂ ಅಂಜಿಕಿ, ಅಳಸ್ಲಾಕೂ ಅಂಜಿಕಿ."

ಹಾವಗೆಪ್ಪ ಹೆದರಿದ. ಅವಳ ಗತಿಗಲ್ಲ, ಡಾಕ್ಟರು ಆ ಸೊಟ್ಟ ಎಲುಬು ಕಂಡರೆ ತನ್ನ ಹೆಸರು ಮಣ್ಣುಪಾಲಾಗುತ್ತದಲ್ಲ ಎಂದು.

"ಅದು ಎಲ್ಲೋ ಕಳದಾದವ್ವಾ," ಎಂದ. ಫಿಲ್ಮು ಅವನ ಬೆನ್ನ ಹಿಂದೆಯೇ ತೂಗುತ್ತಿತ್ತು.

ಸಖುಬಾಯಿ ಕಿಟಕಿಯ ಫಿಲ್ಮನ್ನೇ ನೋಡಿದಳು. ಹೊಸ್ತಿಲಲ್ಲಿ ಕೂತಳು, ಸಂಜೆಯಾದರೂ ಏಳಲಿಲ್ಲ. ಕಡೆಗೆ ಹಾವಗೆಪ್ಪ ತನ್ನ ಬಿರುದನ್ನು ತಾನೇ ಕೆಳಗಿಳಿಸಿದ.

ಫಿಲ್ಮು ಇಟ್ಟುಕೊಂಡವನೇ ಸಾಕ್ಷಿ ಹೇಳಬೇಕೆಂದು ಅವನನ್ನೂ ಬೀದರಿಗೆ ಕರೆಸಿದರು. ದವಾಖಾನೆಯ ಡಾಕ್ಟರ್ ಮುಜೀಬೋದ್ದೀನರು ಬಾವಿಯ ಎಲುಬನ್ನು ಹೈದರಾಬಾದಿಗೆ ಕಳಿಸಿ ಅದರ ಎಕ್ಸ್‌ರೇ ತರಿಸಿದ್ದರು. ಎರಡೂ ಫಿಲ್ಮುಗಳನ್ನು ಒಟ್ಟಿಗೆ ಬೆಳಕಿಗೆ ಹಿಡಿದರು. ಅದೇ ಸೊಟ್ಟು, ಅದೇ ಗಂಟು.

"ಎರಡೂ ಒಂದೇ ಕಾಲು. ಆದ್ರ ಹಳೇ ಫಿಲ್ಮಿನ ಮ್ಯಾಲ ಹೆಸರಿಲ್ಲ. ಇದು ಮಡೆಪ್ಪಂದೇ ಅಂತ ಯಾರ ಹೇಳ್ತಾರ? ಇದನ್ನ ಕಟ್ಟಿದ ಗಧಾ ಯಾರು?"

ಭಾಲ್ಕಿಯಿಂದ ಮೋಜು ನೋಡಲೆಂದೇ ಬಂದಿದ್ದವರು ಕಿವಿ ನಿಮಿರಿಸಿದರು. ಹಾವಗೆಪ್ಪ ತಲೆಯ ರುಮಾಲು ತೆಗೆದ.

"ನಾನೇ ರಿ ಸಾಹೇಬ್ರ. ಮಡೆಪ್ಪನ ಕಾಲ ಕೆಡಿಸಿದಂವ ನಾನೇ."

ಸಖುಬಾಯಿ ಎಲುಬಿನ ಗಂಟನ್ನು ಸವರುತ್ತ ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಹಾವಗೆಪ್ಪನ ಕಾಲಿಗೆ ಬಿದ್ದಳು.

"ನೀವು ನೀಟ ಕೂಡಿಸಿದ್ರ ಇವರು ನನಗ ಸಿಗ್ತಿದ್ದಿಲ್ರಿ ಕಾಕಾ."

ಇಷ್ಟು ದೊಡ್ಡ ಹೊಗಳಿಕೆ ಹಾವಗೆಪ್ಪನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅವನಿಗೆ ತಲೆಯೆತ್ತಲಾಗಲಿಲ್ಲ.