ಗೂಡ್ಸ್ ಗಾಡಿ ಹೋಗುವವರೆಗೆ

ಸೂಕ್ಷ್ಮದರ್ಶಕದ ತಿರುಪನ್ನು ಅವರು ಎರಡೇ ಬೆರಳಲ್ಲಿ ಹಿಡಿಯುತ್ತಿದ್ದರು, ಸಾರಿಗೆ ಚಿಟಿಕೆ ಉಪ್ಪು ಹಾಕುವಂತೆ. ನೋಡುವಾಗ ಎಡಗಣ್ಣನ್ನು ಮುಚ್ಚುತ್ತಿರಲಿಲ್ಲ. ‘ಅದು ಹುಡುಗರ ಮೇಲಿರ್ಲಿ’ ಎನ್ನುತ್ತಿದ್ದರು. ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆ. ನಾನು ಅವರ ಕೈಕೆಳಗಿನ ಉಪನ್ಯಾಸಕ. ಎಲ್ಲರಿಗೂ ಅವರು ಮೇಡಂ.

ತೊಂಬತ್ತರ ದಶಕದ ಕೊನೆಗೆ ವಿಶ್ವವಿದ್ಯಾಲಯ ನಮಗೊಂದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವನ್ನು ಎರವಲು ಕೊಟ್ಟಿತ್ತು. ಅದರ ಎರಡು ಫಿಲ್ಟರುಗಳನ್ನು ಒಂದಕ್ಕೊಂದು ಅಡ್ಡವಾಗಿ ತಿರುಗಿಸಿದರೆ ಎಲ್ಲ ಕತ್ತಲು. ಒಡೆದು ಎರಡಾಗುತ್ತಿರುವ ಜೀವಕೋಶದೊಳಗಿನ ಎಳೆಗಳು ಮಾತ್ರ ನೂಲುವ ಕದಿರಿನ ಆಕಾರದಲ್ಲಿ ಮಂಕಾಗಿ ಬೆಳಗುತ್ತವೆ. ಆ ಕತ್ತಲಲ್ಲಿ ಸರಿಯಾದ ಮಟ್ಟಕ್ಕೆ ಫೋಕಸ್ ತರುವುದೇ ಕಷ್ಟ. ನಾವು ಜೀವಂತ ಕೋಶದ ಒಂದು ಚಿತ್ರವನ್ನೂ ತೆಗೆದಿರಲಿಲ್ಲ. ಇವತ್ತು ತೆಗೆಯದಿದ್ದರೆ ಉಪಕರಣ ವಾಪಸು ಎಂದು ಹೇಳಲು ಒಂದು ದಿನ ಅಲ್ಲಿಂದ ಪ್ರೊಫೆಸರರೊಬ್ಬರೇ ಬಂದರು.

ಬೆಳಗಿನಿಂದ ಹುಡುಕಿ, ಹೂವಿನ ಕೇಸರದ ರೋಮದಲ್ಲಿ ಹಾಗೆ ಎರಡಾಗುತ್ತಿರುವ ಒಂದೇ ಕೋಶ ಸಿಕ್ಕಿತ್ತು. ಮೇಡಂ ತಿರುಪಿಗೆ ಕೈಹಾಕಿದರು. ಮೇಜು ನಡುಗಿತು. ಕಾಲೇಜಿನ ಹಿಂದೆಯೇ ರೈಲು ಹಳಿ. ಅವರು ದೀಪ ಆರಿಸಿದರು.

‘ಯಾಕೆ ನಿಲ್ಸಿದ್ರಿ?’ ಎಂದರು ಪ್ರೊಫೆಸರರು.

‘ಗೂಡ್ಸ್ ಹೋಗ್ಲಿ ಸರ್. ದೀಪದ ಕಾವಿಗೆ ಕೋಶ ಸತ್ತುಹೋಗತ್ತೆ.’

‘ನನಗೆ ಬಸ್ಸಿದೆ ಮೇಡಂ.’

‘ಬಸ್ಸು ಇನ್ನೊಂದು ಸಿಗತ್ತೆ. ಇದು ಸಿಗಲ್ಲ.’

ಗೂಡ್ಸಿನ ಡಬ್ಬಿಗಳು ಮುಗಿಯಲೊಲ್ಲವು. ಸ್ಲೈಡು ಒಣಗದಂತೆ ನಾನು ಗಾಜಿನ ಅಂಚಿಗೆ ಒಂದು ಹನಿ ನೀರು ಬಿಟ್ಟೆ. ಸದ್ದು ಅಡಗಿದ ಮೇಲೆ ದೀಪ ಹಚ್ಚಿದರೆ ಫೋಕಸ್ ತಪ್ಪಿತ್ತು.

ಪ್ರೊಫೆಸರರು ಬಗ್ಗಿ ನೋಡಿದರು. ‘ಇಲ್ಲೇ ಹೊಳೀತಿದೆಯಲ್ಲ. ತೆಗೀರಿ.’

‘ಅದು ಗಾಜಿನ ಮೇಲಿರೋ ಹತ್ತಿ ಎಳೆ ಸರ್. ಕೋಶ ಕೆಳಗಿದೆ.’

ಕತ್ತಲಲ್ಲಿ ತಿರುಪು ಮುಟ್ಟಬಾರದೆಂಬುದು ಅವರ ಕಟ್ಟಳೆ. ಫಿಲ್ಟರನ್ನು ಹಿಂದಕ್ಕೆ ತಿರುಗಿಸಿ, ಸಾದಾ ಬೆಳಕಿನಲ್ಲಿ ಕೋಶದ ಗೋಡೆ ಹಿಡಿದರು. ಅಲ್ಲಿಂದ ಕೂದಲೆಳೆಯಷ್ಟು ಕೆಳಕ್ಕೆ, ಅದರ ನಡುಮಟ್ಟಕ್ಕೆ ಇಳಿದರು.

‘ಒಳಗೆ ಕಣಗಳು ಓಡ್ತಿವೆಯಾ ನೋಡ್ರಿ.’

ನೋಡಿದೆ. ‘ಓಡ್ತಿವೆ ಮೇಡಂ, ಜೀವ ಇದೆ.’

ಆಮೇಲೆ ಕತ್ತಲು ಮಾಡಿದರು. ಕದಿರು ಅಲ್ಲೇ ಇತ್ತು. ಕ್ಯಾಮೆರಾ ಕ್ಲಿಕ್ಕೆಂದಿತು. ಪ್ರೊಫೆಸರರು ಮತ್ತೆ ಬಗ್ಗಿದವರು ಬಸ್ಸಿನ ಹೊತ್ತು ಮೀರಿದರೂ ಏಳಲಿಲ್ಲ. ಉಪಕರಣ ನಮ್ಮಲ್ಲೇ ಉಳಿಯಿತು.

ನಿವೃತ್ತಿಯ ನಂತರ ಮೇಡಂ ಜಾವಗಲ್ಲಿನಲ್ಲಿದ್ದರು. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಪ್ರಾಯೋಗಿಕ ತರಗತಿಯಲ್ಲಿದ್ದೆ. ಸ್ಲೈಡಿನ ಮೇಲಿನ ಕೋಶಕ್ಕೆ ಇನ್ನೂ ಜೀವವಿತ್ತು. ಸಾಲಿನಲ್ಲಿದ್ದ ಕೊನೆಯ ಹುಡುಗಿ ನೋಡಿ ಮುಗಿಸುವವರೆಗೆ ನಿಂತು, ದೀಪ ಆರಿಸಿ, ಜಾವಗಲ್ ಬಸ್ಸು ಹತ್ತಿದೆ.